ಕಟ್ಟೆ ಕೊರೆಯುವ ಮುನ್ನ

ಕಳೆದ ವರ್ಷ ರಾಜಾಜಿನಗರದ ನಮ್ಮ ಹಳೆಯ ಮನೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸುತ್ತಿದ್ದಾಗ, ಗ್ರಾನೈಟ್ ಕೆಲಸದವರು ಒಂದು ಬೆಳಿಗ್ಗೆ ಅಳತೆಯ ಟೇಪು ಹಿಡಿದು ನಿಂತು, ‘ಹಾಬ್ ಯಾವುದು ಅಂತ ಹೇಳಿಬಿಡಿ, ಕಲ್ಲು ಕೊರೆಯಬೇಕು’ ಎಂದರು. ಹಾಬ್ ಎಂದರೆ ಕಲ್ಲು ಕೊರೆದು ಕಟ್ಟೆಯೊಳಗೆ ಹುದುಗಿಸುವ ಒಲೆ. ಕಪಾಟಿನ ಬಣ್ಣವನ್ನೂ ಸಿಂಕಿನ ಆಳವನ್ನೂ ತಿಂಗಳುಗಟ್ಟಲೆ ಚರ್ಚಿಸಿದ್ದ ನಾವು ಒಲೆಯ ವಿಷಯವನ್ನು ಮಾತ್ರ ಎತ್ತಿಯೇ ಇರಲಿಲ್ಲ. ವಿನ್ಯಾಸಕಾರರು ಕೊಟ್ಟ ಚಿತ್ರದಲ್ಲಿ ನಾಲ್ಕು ಬರ್ನರುಗಳ ಕಪ್ಪು ಗಾಜಿನ ಹಾಬ್ ಒಂದು ಕಟ್ಟೆಯೊಳಗೆ ಹುದುಗಿ ಕುಳಿತಿತ್ತು. ಅದು ಚಿತ್ರದಲ್ಲಿತ್ತು ಎಂಬ ಕಾರಣಕ್ಕೇ ನಾವು ಅದನ್ನು ಒಪ್ಪಿಕೊಂಡಂತಾಗಿತ್ತು. ಒಲೆ ಸರಿಬಾರದಿದ್ದರೆ ಬದಲಾಯಿಸಬಹುದು, ಆದರೆ ಕೊರೆದ ಕಲ್ಲು ಮತ್ತೆ ಕೂಡಿಕೊಳ್ಳುವುದಿಲ್ಲ. ಒಂದು ಕಂಪನಿಯ ಹಾಬಿಗೆಂದು ತೆಗೆದ ಕಿಂಡಿಯಲ್ಲಿ ಮುಂದೆ ಇನ್ನೊಂದು ಕಂಪನಿಯದ್ದು ಕೂರುತ್ತದೆ ಎಂಬ ಖಾತ್ರಿಯೂ ಇಲ್ಲ. ನಾನು ಒಂದು ವಾರದ ಗಡುವು ಕೇಳಿಕೊಂಡೆ.

ಆ ವಾರ ನಾನು ಅಂಗಡಿಗಳಿಗೆ ಹೋಗುವ ಮೊದಲು ಒಂದು ನೋಟುಪುಸ್ತಕವನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟೆ. ಒಲೆಯ ಮೇಲೆ ಯಾವ ಪಾತ್ರೆ ಏರಿತು, ಎಷ್ಟು ಹೊತ್ತು ಇತ್ತು, ಉರಿ ದೊಡ್ಡದೋ ಸಣ್ಣದೋ, ಆ ಹೊತ್ತಿಗೆ ಬೇರೆ ಎಷ್ಟು ಬರ್ನರು ಉರಿಯುತ್ತಿದ್ದವು ಎಂಬುದನ್ನು ಮನೆಯವರೆಲ್ಲರೂ ಬರೆಯಬೇಕೆಂದು ಒಪ್ಪಂದವಾಯಿತು. ಒಲೆಯನ್ನು ಆರಿಸುವವರು ಸಾಮಾನ್ಯವಾಗಿ ಒಲೆಯನ್ನೇ ನೋಡುತ್ತಾರೆ; ಆದರೆ ನೋಡಬೇಕಾದದ್ದು ಅದರ ಮೇಲೆ ಕೂರುವ ಪಾತ್ರೆಯನ್ನು ಮತ್ತು ಅದರ ಹಿಂದೆ ಗೋಡೆಯೊಳಗೆ ಬರುವ ಕೊಳವೆ, ತಂತಿಗಳನ್ನು ಎಂಬ ನನ್ನ ಇಂದಿನ ಅಭಿಪ್ರಾಯ ಹುಟ್ಟಿದ್ದು ಆ ನೋಟುಪುಸ್ತಕದಿಂದ.

ನಮ್ಮದು ಎರಡು ಸೀಮೆಯ ಅಡುಗೆ. ನನ್ನ ಅಮ್ಮ ತಿಪಟೂರಿನ ಕಡೆಯವರು, ಅವರಿಗೆ ರಾತ್ರಿ ಮುದ್ದೆ ಇಲ್ಲದಿದ್ದರೆ ಊಟ ಮುಗಿದಂತಾಗುವುದಿಲ್ಲ. ಅತ್ತೆಯವರು ಗದಗದವರು, ವಾರಕ್ಕೆ ಮೂರು ದಿನವಾದರೂ ಜೋಳದ ರೊಟ್ಟಿ ಬಡಿಯುತ್ತಾರೆ. ಇಬ್ಬರೂ ವರ್ಷದಲ್ಲಿ ಕೆಲವು ತಿಂಗಳು ನಮ್ಮ ಜೊತೆಗೇ ಇರುತ್ತಾರೆ. ವಾರದ ಕೊನೆಗೆ ಪುಸ್ತಕ ತೆರೆದು ನೋಡಿದಾಗ ಮೊದಲು ಕಣ್ಣಿಗೆ ಬಿದ್ದ ಸಂಗತಿಯೆಂದರೆ, ಏಳು ದಿನಗಳಲ್ಲಿ ನಾಲ್ಕು ಬರ್ನರುಗಳು ಏಕಕಾಲಕ್ಕೆ ಬೇಕಾದ ಹೊತ್ತು ಒಂದೂ ಇರಲಿಲ್ಲ. ಮೂರು ಬೇಕಾದದ್ದು ಭಾನುವಾರದ ಬೆಳಿಗ್ಗೆ ಒಮ್ಮೆ. ಉಳಿದಂತೆ ಎರಡೇ. ಎರಡನೆಯ ಸಂಗತಿ, ಒಲೆ ಹೆಚ್ಚು ಹೊತ್ತು ಉರಿದದ್ದು ನಾವು ‘ಅಡುಗೆ’ ಎಂದು ಹೆಮ್ಮೆಪಡುವ ಕೆಲಸಗಳಿಗಲ್ಲ. ಹಾಲು ಕಾಯಿಸಲು, ಕುಡಿಯುವ ನೀರು ಬಿಸಿ ಮಾಡಲು, ಕಾಫಿಯ ಡಿಕಾಕ್ಷನ್ನಿಗೆ ನೀರು ಕುದಿಸಲು ಮತ್ತು ಕುಕ್ಕರಿನಲ್ಲಿ ಬೇಳೆ, ಕಾಳು, ಅನ್ನ ಬೇಯಿಸಲು. ಮೂರನೆಯದು, ಉರಿಯೇ ಕಣ್ಣಿಗೆ ಕಾಣುವಂತೆ ಬೇಕಾದ ಕೆಲಸಗಳು ಕೆಲವೇ ಇದ್ದರೂ ಅವನ್ನು ಬಿಡುವಂತಿರಲಿಲ್ಲ.

ಆ ಕೆಲವು ಕೆಲಸಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಜೋಳದ ರೊಟ್ಟಿ ಹಂಚಿನ ಮೇಲೆ ಬಿದ್ದ ಕೂಡಲೇ ಮೇಲ್ಭಾಗಕ್ಕೆ ನೀರು ಸವರುತ್ತಾರೆ. ನೀರು ಆರುತ್ತಿದ್ದಂತೆ ಮಗುಚಿ, ಕೊನೆಗೆ ಹಂಚನ್ನು ಸರಿಸಿ ರೊಟ್ಟಿಯನ್ನು ನೇರ ಉರಿಗೆ ಹಿಡಿಯುತ್ತಾರೆ. ಅದು ಆಗ ಉಬ್ಬುತ್ತದೆ, ಅಂಚಿನಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ, ಆ ಸುಟ್ಟ ಪರಿಮಳವೇ ರೊಟ್ಟಿಯ ಅರ್ಧ ರುಚಿ. ಬದನೆಕಾಯಿ ಸುಡುವುದು, ಹಪ್ಪಳ ಸುಡುವುದು, ಒಣಮೆಣಸಿನಕಾಯಿಯನ್ನು ಕೆಂಡ ತಾಕಿಸಿದಂತೆ ಕಂದಿಸುವುದು ಕೂಡ ಇದೇ ಜಾತಿಯ ಕೆಲಸಗಳು. ಇವಕ್ಕೆ ಉರಿಯೇ ಬೇಕು, ಬರಿಯ ಕಾವು ಸಾಲದು. ಇಂಡಕ್ಷನ್ ಒಲೆಯಲ್ಲಿ ಉರಿ ಇರಲಿ, ಒಲೆಗೆ ತನ್ನದೇ ಆದ ಕಾವೂ ಇಲ್ಲ. ಗಾಜಿನ ಕೆಳಗಿರುವ ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರಿಂದ ಹುಟ್ಟುವ ಕಾಂತಕ್ಷೇತ್ರ ಮೇಲಿನ ಪಾತ್ರೆಯ ತಳದಲ್ಲಿ ಸುಳಿ ಪ್ರವಾಹಗಳನ್ನು ಹುಟ್ಟಿಸಿ, ಆ ತಳವನ್ನೇ ಕಾಯಿಸುತ್ತದೆ. ಅಂದರೆ ಅಲ್ಲಿ ನಿಜವಾದ ಒಲೆ ಪಾತ್ರೆಯೇ.

ಹಾಗಾಗಿ ಎರಡನೆಯ ದಿನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತವೊಂದನ್ನು ಕಿತ್ತುಕೊಂಡು ಮನೆಯ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದೆ. ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಂಡರೆ ಮಾತ್ರ ಆ ಪಾತ್ರೆ ಇಂಡಕ್ಷನ್ನಿಗೆ ಒದಗುತ್ತದೆ. ಬೀಡುಕಬ್ಬಿಣದ ಕಾವಲಿ, ಕಬ್ಬಿಣದ ಬಾಣಲೆ, ಹೊಸದಾಗಿ ಕೊಂಡ ಒಂದು ಕುಕ್ಕರ್ ಹಿಡಿದವು. ಅಮ್ಮನ ಅಲ್ಯೂಮಿನಿಯಂ ಕುಕ್ಕರ್, ಕಲಾಯಿ ಹಾಕಿಸಿದ ಹಿತ್ತಾಳೆಯ ತಪ್ಪಲೆ, ಹುಳಿ ಮಾಡುವ ಬಳಪದ ಕಲ್ಲಿನ ಪಾತ್ರೆ ಹಿಡಿಯಲಿಲ್ಲ. ಅವು ಹಿಡಿಯುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಸ್ಟೀಲಿನ ವಿಷಯ. ಮದುವೆ, ನಾಮಕರಣಗಳಲ್ಲಿ ಉಡುಗೊರೆಯಾಗಿ ಬಂದು ಅಟ್ಟ ಸೇರಿದ್ದ ಸ್ಟೀಲ್ ಪಾತ್ರೆಗಳಲ್ಲಿ ಮುಕ್ಕಾಲು ಪಾಲಿಗೆ ಅಯಸ್ಕಾಂತ ಅಂಟಲೇ ಇಲ್ಲ. ಅಡುಗೆ ಪಾತ್ರೆಗಳಿಗೆ ಹೆಚ್ಚಾಗಿ ಬಳಸುವ, ನಿಕ್ಕಲ್ ಬೆರೆತ ಸ್ಟೀಲನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಇಂಡಕ್ಷನ್ನಿಗೆಂದು ಮಾರುವ ಪಾತ್ರೆಗಳ ತಳಕ್ಕೆ ನಿಕ್ಕಲ್ ಇಲ್ಲದ ಬೇರೆ ಬಗೆಯ ಸ್ಟೀಲಿನ ಪದರವನ್ನು ಬೆಸೆದಿರುತ್ತಾರೆ. ಪೂರ್ತಿಯಾಗಿ ಇಂಡಕ್ಷನ್ ಹಾಬ್ ಹಾಕಿಸಬೇಕೆಂದಿರುವವರು ಒಲೆಯ ಬೆಲೆಗೆ ಪಾತ್ರೆಗಳ ಬೆಲೆಯನ್ನೂ ಕೂಡಿಸಿಕೊಳ್ಳಬೇಕು. ನನಗೆ ಹಣಕ್ಕಿಂತ ಹೆಚ್ಚಾಗಿ, ಅಜ್ಜಿಯ ಕೈಯಿಂದ ಅಮ್ಮನ ಕೈಗೆ ಬಂದ ಆ ಹಿತ್ತಾಳೆಯ ತಪ್ಪಲೆ ಷೋಕೇಸಿನ ವಸ್ತುವಾಗುವುದು ಸಹ್ಯವೆನಿಸಲಿಲ್ಲ.

ಅಂಗಡಿಯಲ್ಲಿ ಇಂಡಕ್ಷನ್ನಿನ ಜೊತೆಗೆ ಇನ್‌ಫ್ರಾರೆಡ್ ಒಲೆಯನ್ನೂ ತೋರಿಸುತ್ತಾರೆ. ಅದರಲ್ಲಿ ಗಾಜಿನ ಕೆಳಗೆ ಕೆಂಪಗೆ ಕಾಯುವ ತಂತಿ ಇರುವುದರಿಂದ ಯಾವ ಪಾತ್ರೆಯಾದರೂ ಸರಿ. ಆದರೆ ಅದು ಕಾಯಲೂ ತಡ, ಆರಲೂ ತಡ. ಆರಿಸಿದ ಮೇಲೂ ಗಾಜು ಬಹಳ ಹೊತ್ತು ಸುಡುತ್ತಿರುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ನಾನು ಅದನ್ನು ಹೇಳಲಾರೆ.

ಕಾವಲಿ ಇಂಡಕ್ಷನ್ನಿಗೆ ಒದಗುತ್ತದೆ ಎಂದೆನಲ್ಲ, ಅಲ್ಲಿಯೂ ಒಂದು ತೊಡಕಿದೆ. ಮೇಜಿನ ಮೇಲಿಡುವ ಸಾಮಾನ್ಯ ಇಂಡಕ್ಷನ್ ಒಲೆಯ ಸುರುಳಿ ಒಂದು ಗೇಣಿನಷ್ಟೂ ಅಗಲವಿರುವುದಿಲ್ಲ; ನಮ್ಮ ದೋಸೆ ಕಾವಲಿ ಹನ್ನೆರಡು ಅಂಗುಲ. ಬೀಡುಕಬ್ಬಿಣ ಕಾವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ಅಂಚಿನವರೆಗೆ ಬೇಗ ಹರಡುವುದಿಲ್ಲ. ಹೀಗಾಗಿ ದೋಸೆಯ ನಡುಭಾಗ ಕೆಂಪಾಗಿ ಸೀದುಹೋಗುವ ಹೊತ್ತಿಗೆ ಅಂಚು ಇನ್ನೂ ಬೆಳ್ಳಗೆ ಹಸಿಯಾಗಿರುತ್ತದೆ. ಅಗ್ಗದ ಒಲೆಗಳಲ್ಲಿ ಸಣ್ಣ ಉರಿಯೆಂಬುದು ನಿಜವಾದ ಸಣ್ಣ ಉರಿಯೂ ಅಲ್ಲ. 400 ವ್ಯಾಟ್ ಎಂದು ಒತ್ತಿದರೆ ಅದು ಕೆಲವು ಸೆಕೆಂಡು ಜೋರಾಗಿ ಕಾಯಿಸಿ, ಕೆಲವು ಸೆಕೆಂಡು ಸುಮ್ಮನಿದ್ದು, ಸರಾಸರಿಯನ್ನು ಸರಿದೂಗಿಸುತ್ತದೆ. ಕುದಿಯುವ ನೀರಿಗೆ ಇದರಿಂದ ನಷ್ಟವಿಲ್ಲ. ಪಾಯಸಕ್ಕೆ, ತೆಳು ತಳದ ಪಾತ್ರೆಯಲ್ಲಿನ ಹಾಲಿಗೆ, ಸಾಸಿವೆ ಚಿಟಿಗುಟ್ಟಿದ ಮರುಕ್ಷಣ ಇಂಗು ಹಾಕಿ ಉರಿ ತಗ್ಗಿಸಬೇಕಾದ ಒಗ್ಗರಣೆಗೆ ಇದು ತಳ ಹಿಡಿಸುವ ದಾರಿ.

ಇಷ್ಟೆಲ್ಲ ಹೇಳಿದ್ದರಿಂದ ನಾನು ಇಂಡಕ್ಷನ್ನಿನ ವಿರೋಧಿ ಎಂದು ಯಾರೂ ತಿಳಿಯಬಾರದು. ನೋಟುಪುಸ್ತಕದಲ್ಲಿ ಹೆಚ್ಚು ಹೊತ್ತು ನುಂಗಿದ ಕೆಲಸಗಳಾದ ನೀರು, ಕುಕ್ಕರ್, ಮೊಟ್ಟೆ, ಕಷಾಯ ಇವಕ್ಕೆ ಅದಕ್ಕಿಂತ ಒಳ್ಳೆಯ ಒಲೆಯನ್ನು ನಾನು ಕಂಡಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಹುರುಳಿ, ಅಲಸಂದೆ, ಕಡಲೆ ಬೇಯಲು ಮಂಗಳೂರಿಗಿಂತ ಹೆಚ್ಚು ಹೊತ್ತು ಬೇಕು. ಕುಕ್ಕರು ನಮ್ಮ ಅಡುಗೆಮನೆಗಳ ಬೆನ್ನೆಲುಬಾಗಿರುವುದಕ್ಕೆ ಇದೂ ಒಂದು ಕಾರಣ. ಕುಕ್ಕರನ್ನು ಇಂಡಕ್ಷನ್ನಿನ ಮೇಲಿಟ್ಟು ಸಮಯ ಹೊಂದಿಸಿದರೆ ತಾನೇ ಆರುತ್ತದೆ, ಸೀಟಿ ಎಣಿಸುತ್ತ ನಿಲ್ಲಬೇಕಿಲ್ಲ. ಏಪ್ರಿಲ್ ತಿಂಗಳಿನಲ್ಲಿ ಅಡುಗೆಮನೆ ಕಾಯದೆ ಇರುವುದೂ ಸಣ್ಣ ಉಪಕಾರವಲ್ಲ. ಗ್ಯಾಸಿನ ಉರಿಯಿಂದ ಹೊರಡುವ ನೈಟ್ರೋಜನ್ ಡೈಆಕ್ಸೈಡ್ ಉಬ್ಬಸ ಇರುವವರಿಗೆ ಕೇಡು. ನಮ್ಮ ಅಮ್ಮನಿಗೆ ಉಬ್ಬಸವಿದೆ. ಅದು ನನ್ನ ಲೆಕ್ಕದಲ್ಲಿ ತೂಕದ ಸಂಗತಿಯಾಗಿತ್ತು.

ಹಾಗಾದರೆ ಎಲ್ಲವನ್ನೂ ವಿದ್ಯುತ್ತಿಗೆ ಒಪ್ಪಿಸಿಬಿಟ್ಟರೆ ಹೇಗೆ ಎಂದು ಒಂದು ರಾತ್ರಿ ಕಾಗದ ಹಿಡಿದು ಕುಳಿತೆ. ಮನೆಬಳಕೆಯ ಸಿಲಿಂಡರಿನಲ್ಲಿರುವುದು 14.2 ಕಿಲೋ ಎಲ್‌ಪಿಜಿ. ಒಂದು ಕಿಲೋ ಉರಿದರೆ ಸುಮಾರು 46 ಮೆಗಾಜೂಲ್ ಶಾಖ. ಅಂದರೆ ಒಂದು ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿದೆ. ಗ್ಯಾಸ್ ಒಲೆಗಳಿಗಿರುವ ಭಾರತೀಯ ಮಾನಕ ಐಎಸ್ 4246ರ ಪ್ರಕಾರ ಅದರಲ್ಲಿ ಕನಿಷ್ಠ ಶೇ 68ರಷ್ಟು ಪಾತ್ರೆಗೆ ಮುಟ್ಟಬೇಕು. ಮನೆಯಲ್ಲಿ, ಗಾಳಿ ಬೀಸುವ ಕಿಟಕಿಯ ಪಕ್ಕದಲ್ಲಿ, ಸಣ್ಣ ಪಾತ್ರೆಗೆ ದೊಡ್ಡ ಉರಿ ಕೊಡುವ ನಮ್ಮ ಅಭ್ಯಾಸದಲ್ಲಿ ಅಷ್ಟೂ ಮುಟ್ಟುವುದಿಲ್ಲ. ಇಂಡಕ್ಷನ್ನಿನಲ್ಲಿ ಸುಮಾರು ಶೇ 85 ಮುಟ್ಟುತ್ತದೆ ಎಂದಿಟ್ಟುಕೊಂಡರೆ, ಒಂದು ಸಿಲಿಂಡರ್ ಮಾಡುವ ಕೆಲಸವನ್ನು 130ರಿಂದ 145 ಯೂನಿಟ್ ಮಾಡುತ್ತದೆ. ನಮ್ಮಲ್ಲಿ ಸಿಲಿಂಡರ್ ನಲವತ್ತು ದಿನ ಬರುತ್ತದೆ. ತಿಂಗಳಿಗೆ ಲೆಕ್ಕ ಹಾಕಿದರೆ ಸುಮಾರು 100 ಯೂನಿಟ್. ನಮ್ಮ ಈಗಿನ ಬಳಕೆ 115 ಯೂನಿಟ್ಟಿನ ಆಸುಪಾಸು. ಎರಡೂ ಸೇರಿದರೆ 200 ದಾಟುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಮೇಲ್ಮಿತಿ ಇರುವುದೇ 200ಕ್ಕೆ. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲು ನಮ್ಮದಾಗುತ್ತದೆ. ಈ ಗೆರೆ ಎಲ್ಲ ಮನೆಗಳಿಗೂ ಒಂದೇ ರೀತಿ ಮುಖ್ಯವಲ್ಲ, ಆದರೆ ತಮ್ಮ ಬೆಸ್ಕಾಂ ಬಿಲ್ಲನ್ನು ಒಮ್ಮೆ ತೆಗೆದು ನೋಡದೆ ಇಂಡಕ್ಷನ್ ಹಾಬನ್ನು ಕೊಳ್ಳುವುದು ಅವಸರದ ಕೆಲಸ.

ಬಿಲ್ಲಿನ ಆಚೆಗೆ ತಂತಿಯ ಪ್ರಶ್ನೆಯಿದೆ. ನಾಲ್ಕು ವಲಯಗಳ, ಕಟ್ಟೆಯೊಳಗೆ ಕೂರುವ ಇಂಡಕ್ಷನ್ ಹಾಬುಗಳು ಪೂರ್ಣ ಪ್ರಮಾಣದಲ್ಲಿ ಓಡಿದರೆ 7 ಕಿಲೋವ್ಯಾಟಿನಷ್ಟು ಎಳೆಯುತ್ತವೆ. ನಮ್ಮ ಮನೆಗೆ ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿ, 3 ಕಿಲೋವ್ಯಾಟ್. ಹಾಬಿಗೆಂದೇ ಮೀಟರ್ ಬೋರ್ಡಿನಿಂದ ದಪ್ಪ ತಂತಿ, ಪ್ರತ್ಯೇಕ ಎಂಸಿಬಿ (ಹೆಚ್ಚು ವಿದ್ಯುತ್ ಹರಿದರೆ ತಾನೇ ಆರುವ ಸ್ವಿಚ್ಚು), ಸರಿಯಾದ ಅರ್ತಿಂಗ್ ಬೇಕು. ಲೋಡ್ ಏರಿಸಲು ಅರ್ಜಿ ಹಾಕಬೇಕು, ಅದಕ್ಕೆ ತಕ್ಕ ನಿಗದಿತ ಶುಲ್ಕವನ್ನು ತಿಂಗಳು ತಿಂಗಳು ಕೊಡಬೇಕು. ಮಳೆಗಾಲದ ಸಂಜೆ ಮರದ ಕೊಂಬೆ ಬಿದ್ದು ಕರೆಂಟು ಹೋದರೆ, ಮನೆಯ ಯುಪಿಎಸ್ ದೀಪ, ಫ್ಯಾನುಗಳನ್ನು ನಡೆಸೀತೇ ಹೊರತು ಒಲೆಯನ್ನಲ್ಲ. ಒಂದೇ ಸುರುಳಿಯ, ಎರಡು ಸಾವಿರ ವ್ಯಾಟಿನ ಒಲೆಯಾದರೆ 16 ಆಂಪಿಯರಿನ ಒಂದು ಸಾಕೆಟ್ ಸಾಕು.

ಇನ್ನು ಚಿತ್ರದಲ್ಲಿದ್ದ ಆ ಗಾಜಿನ ಗ್ಯಾಸ್ ಹಾಬ್. ಮಾರುಕಟ್ಟೆಯಲ್ಲಿ ಕಟ್ಟೆ ಕೊರೆದು ಹುದುಗಿಸುವುದಕ್ಕೆ ಹಾಬ್ ಎಂದೂ ಕಟ್ಟೆಯ ಮೇಲೆ ಕಾಲೂರಿ ನಿಲ್ಲುವುದಕ್ಕೆ ಕುಕ್‌ಟಾಪ್ ಎಂದೂ ಎರಡಕ್ಕೂ ಒದಗುವುದಕ್ಕೆ ಹಾಬ್‌ಟಾಪ್ ಎಂದೂ ಹೇಳುತ್ತಾರೆ. ಹಾಬಿಗೆ ಒಂದು ನಿಜವಾದ ಗುಣವಿದೆ: ಪಾತ್ರೆ ನಾಲ್ಕೈದು ಅಂಗುಲ ಕೆಳಗೆ ಕೂರುತ್ತದೆ, ಕುಳ್ಳಗಿರುವವರ ಭುಜಕ್ಕೆ ನೋವಾಗುವುದಿಲ್ಲ. ನನ್ನ ಅತ್ತೆ ಐದು ಅಡಿಗೂ ಕಡಿಮೆ ಇದ್ದಾರೆ, ಹಳೆಯ ಕಟ್ಟೆಯ ಮುಂದೆ ಮಣೆ ಹಾಕಿಕೊಂಡು ನಿಲ್ಲುತ್ತಿದ್ದರು. ಆದರೆ ಹಾಬಿನ ಕೆಳಗಿನ ಕಪಾಟನ್ನು ಗಾಳಿಯಾಡದಂತೆ ಮುಚ್ಚಿದರೆ, ಕೆಳಗಿನಿಂದ ಗಾಳಿ ಎಳೆದುಕೊಳ್ಳುವ ಬರ್ನರುಗಳಿಗೆ ಉಸಿರು ಸಾಲದೆ ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತದೆ. ಅದೇ ಕಪಾಟಿನೊಳಗೆ ಸಿಲಿಂಡರನ್ನೂ ಬಚ್ಚಿಟ್ಟು ಬಾಗಿಲು ಮುಚ್ಚುವ ಪದ್ಧತಿಯನ್ನು ನಾನು ಎಷ್ಟೋ ಹೊಸ ಮನೆಗಳಲ್ಲಿ ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ನಡುಕ ಹುಟ್ಟುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ, ಕಪಾಟಿನ ತಳದಲ್ಲಿ ನೀರಿನಂತೆ ನಿಲ್ಲುತ್ತದೆ.

ಗಾಜಿನ ಬಗ್ಗೆಯೂ ಒಂದು ತಪ್ಪುಕಲ್ಪನೆ ಇದೆ. ಇಂಡಕ್ಷನ್ನಿನ ಮೇಲಿರುವುದು ಗಾಜು ಮತ್ತು ಪಿಂಗಾಣಿಯ ನಡುವಣ ಒಂದು ವಸ್ತು, ಕಾವಿಗೆ ಅದು ಹಿಗ್ಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಗ್ಯಾಸ್ ಒಲೆಯ ಮೇಲಿರುವುದು ಹದಗೊಳಿಸಿದ ಸಾಮಾನ್ಯ ಗಾಜು. ಅದನ್ನು 600 ಡಿಗ್ರಿಗೂ ಮೇಲೆ ಕಾಯಿಸಿ ಥಟ್ಟನೆ ತಣಿಸಿ, ಮೈಯೆಲ್ಲ ಬಿಗಿತ ತುಂಬಿರುತ್ತಾರೆ. ಆ ಬಿಗಿತವೇ ಅದರ ಬಲ, ಅಂಚಿಗೆ ಪೆಟ್ಟು ಬಿದ್ದಾಗ ಅಥವಾ ಒಂದೇ ಕಡೆ ವಿಪರೀತ ಕಾವು ತಗುಲಿದಾಗ ಅದೇ ಬಿಗಿತ ಇಡೀ ಹಾಳೆಯನ್ನು ಒಂದೇ ಕ್ಷಣದಲ್ಲಿ ಹರಳು ಹರಳಾಗಿ ಒಡೆಯುತ್ತದೆ. ಅದರ ಮೇಲೆ ಮುದ್ದೆ ಮಾಡುವುದನ್ನು ಊಹಿಸಿಕೊಂಡೆ. ಕುದಿಯುವ ಹಿಟ್ಟನ್ನು ಕೋಲಿನಿಂದ ತೊಳಸುವಾಗ ಅಮ್ಮ ತನ್ನ ಮೈಭಾರವನ್ನೆಲ್ಲ ಆ ಕೋಲಿಗೆ ಕೊಡುತ್ತಾರೆ. ಊರಿನಲ್ಲಿ ಪಾತ್ರೆಯನ್ನು ನೆಲಕ್ಕಿಳಿಸಿ ಕವೆಗೋಲಿನಿಂದ ಅದುಮಿ ಹಿಡಿಯುತ್ತಿದ್ದರು. ಮೊಣಕಾಲು ನೋವು ಬಂದ ಮೇಲೆ ಎಲ್ಲವೂ ಒಲೆಯ ಮೇಲೆಯೇ. ಆ ಎಳೆದಾಟಕ್ಕೆ ಭಾರವಾದ, ಅಲುಗದ ಸ್ಟೀಲಿನ ಒಲೆ ಬೇಕು, ಗಾಜಲ್ಲ.

ಪಾತ್ರೆಗೂ ಅಡುಗೆಗೂ ತಕ್ಕಂತೆ ಒಲೆಯನ್ನು ರೂಪಿಸುವ ಈ ಯೋಚನೆ ನಮ್ಮ ಊರಿಗೆ ಹೊಸದಲ್ಲ. ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಹಳ್ಳಿಯ ಮನೆಗಳಿಗಾಗಿ ಮೂರು ಪಾತ್ರೆಗಳ, ಹೊಗೆಕೊಳವೆಯ ಸೌದೆ ಒಲೆಯನ್ನು ರೂಪಿಸಿತು. ಅಸ್ತ್ರ ಒಲೆ ಎಂದೇ ಅದು ಕರ್ನಾಟಕದ ಹಳ್ಳಿಗಳಲ್ಲಿ ಹೆಸರಾಯಿತು. ಪಾತ್ರೆಯ ತಳ ಕಿಂಡಿಯಲ್ಲಿ ಸರಿಯಾಗಿ ಕೂತರೆ ಮಾತ್ರ ಸೌದೆ ಉಳಿಯುತ್ತಿತ್ತು, ಹೊಗೆ ಹೊರಗೆ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜಿಯ ಮನೆಯಲ್ಲಿ ಆ ಒಲೆಯ ಮೂರನೆಯ ಕಿಂಡಿಯ ಮೇಲೆ ಸದಾ ಬಿಸಿನೀರಿನ ಪಾತ್ರೆ ಕೂತಿರುತ್ತಿದ್ದದ್ದು ನನಗೆ ನೆನಪಿದೆ.

ನಿರ್ಧಾರಕ್ಕೆ ಕೊನೆಯ ತಳ್ಳು ಕೊಟ್ಟದ್ದು ಹಾಲು. ಆರು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅಮ್ಮ ಹಾಲಿಟ್ಟು ಹೂ ಬಿಡಿಸಲು ಹೋಗಿದ್ದಾಗ ಹಾಲು ಉಕ್ಕಿ ಉರಿ ನಂದಿತ್ತು. ಗೃಹಪ್ರವೇಶದ ದಿನ ಬೇಕೆಂದೇ ಉಕ್ಕಿಸುವ ಹಾಲು, ಬೇರೆ ದಿನ ಉಕ್ಕಿದರೆ ತೆರೆದ ಬರ್ನರಿನಿಂದ ಗ್ಯಾಸ್ ಸುಮ್ಮನೆ ಹೊರಬರುತ್ತಲೇ ಇರುತ್ತದೆ. ಅಂದು ನಾನು ಸ್ನಾನ ಮುಗಿಸಿ ಬರುವ ಹೊತ್ತಿಗೆ ನಡುಮನೆಯವರೆಗೂ ವಾಸನೆ ಹರಡಿತ್ತು. ಸ್ವಿಚ್ಚು ಮುಟ್ಟದೆ ಕಿಟಕಿ ಬಾಗಿಲು ತೆರೆದು, ರೆಗ್ಯುಲೇಟರ್ ಆರಿಸಿ ಬೀದಿಗೆ ಬಂದು ನಿಂತೆವು. ಅನಾಹುತವಾಗಲಿಲ್ಲ. ಆದರೆ ಆ ದಿನದಿಂದ, ಉರಿ ನಂದಿದರೆ ತಾನೇ ಗ್ಯಾಸನ್ನು ತಡೆಯುವ ಸಾಧನವಿಲ್ಲದ ಒಲೆಯನ್ನು ವಯಸ್ಸಾದವರಿರುವ ಮನೆಗೆ ತರಬಾರದೆಂಬುದು ನನ್ನ ಗಟ್ಟಿ ನಿಲುವು. ಅದರ ರಚನೆ ಬಹಳ ಸರಳ. ಬರ್ನರಿನ ಪಕ್ಕದಲ್ಲಿ ಚಾಚಿಕೊಂಡ ಒಂದು ಸಣ್ಣ ಲೋಹದ ಕಡ್ಡಿ ಉರಿಯ ಕಾವಿಗೆ ಕೆಲವು ಮಿಲಿವೋಲ್ಟಿನಷ್ಟು ವಿದ್ಯುತ್ ಹುಟ್ಟಿಸುತ್ತದೆ, ಆ ವಿದ್ಯುತ್ತೇ ಕವಾಟವನ್ನು ತೆರೆದು ಹಿಡಿದಿರುತ್ತದೆ. ಉರಿ ನಂದಿ ಕಡ್ಡಿ ತಣ್ಣಗಾದರೆ ಕವಾಟ ತಾನೇ ಮುಚ್ಚಿಕೊಳ್ಳುತ್ತದೆ. ಅಂಗಡಿಗಳಲ್ಲಿ ಇದನ್ನು ಎಫ್‌ಎಫ್‌ಡಿ (ಫ್ಲೇಮ್ ಫೇಲ್ಯೂರ್ ಡಿವೈಸ್) ಎಂದು ಕೇಳಬೇಕು. ಚಿಕ್ಕಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಮಲ್ಲೇಶ್ವರಗಳಲ್ಲಿ ನಾನು ಕೇಳುತ್ತ ಹೋದಾಗ ಹೆಚ್ಚಿನವರು ತಾನೇ ಹೊತ್ತಿಕೊಳ್ಳುವ ಒಲೆಯನ್ನು ತೋರಿಸಿದರು. ಅದು ಬೇರೆ, ಇದು ಬೇರೆ. ತಾನೇ ಹೊತ್ತಿಕೊಳ್ಳುವುದು ಬೆಂಕಿಕಡ್ಡಿಯನ್ನು ಉಳಿಸುತ್ತದೆ, ಅಷ್ಟೇ.

ಕೊನೆಗೆ ಕಟ್ಟೆಯನ್ನು ಕೊರೆಯಲಿಲ್ಲ. ಒಲೆ ಕೂರುವ ಮೂರು ಅಡಿ ಜಾಗದಲ್ಲಿ ಗ್ರಾನೈಟನ್ನು ಐದು ಅಂಗುಲ ತಗ್ಗಿಸಿ ಹಾಕಿಸಿದೆವು; ಹಾಬಿನ ಗುಣ ಹಾಬ್ ಇಲ್ಲದೆಯೇ ಸಿಕ್ಕಿತು, ಅತ್ತೆಯವರ ಮಣೆ ದೇವರ ಕೋಣೆಗೆ ಹೋಯಿತು. ಅಲ್ಲಿ ಈಗ ಮೂರು ಹಿತ್ತಾಳೆ ಬರ್ನರುಗಳ, ಎಫ್‌ಎಫ್‌ಡಿ ಇರುವ ಸ್ಟೀಲಿನ ಗ್ಯಾಸ್ ಒಲೆ ಇದೆ. ಎಡಗಡೆ, ನೀರಿನ ನಲ್ಲಿಯಿಂದ ದೂರದಲ್ಲಿ, ಒಂಟಿ ಇಂಡಕ್ಷನ್ ಒಲೆ. ಸಿಲಿಂಡರ್ ಹೊರಗಿನ ಬಾಲ್ಕನಿಯಲ್ಲಿ ನೆಟ್ಟಗೆ ನಿಂತಿದೆ. ನೀರು, ಕುಕ್ಕರ್, ಅಮ್ಮನ ಕಷಾಯ ಇಂಡಕ್ಷನ್ನಿಗೆ ಹೋದ ಮೇಲೆ ನಲವತ್ತು ದಿನದ ಸಿಲಿಂಡರ್ ಈಗ ಎರಡು ತಿಂಗಳು ದಾಟುತ್ತಿದೆ, ವಿದ್ಯುತ್ ಬಳಕೆ 200ರ ಒಳಗೇ ಇದೆ.

ಗೇಲ್ ಗ್ಯಾಸ್ ಸಂಸ್ಥೆಯ ಕೊಳವೆ ಅನಿಲ ನಗರದ ಎಷ್ಟೋ ಬಡಾವಣೆಗಳಿಗೆ ಬಂದಿದೆ. ನಮ್ಮ ರಸ್ತೆಗೂ ಬಂದ ದಿನ ಇದೇ ಒಲೆಯ ಜೆಟ್ಟುಗಳನ್ನು, ಅಂದರೆ ಬರ್ನರಿಗೆ ಅನಿಲ ಬಿಡುವ ಸಣ್ಣ ರಂಧ್ರದ ಬಿಡಿಭಾಗಗಳನ್ನು, ಬದಲಾಯಿಸಬೇಕು. ಆ ಅನಿಲದ ಒತ್ತಡವೂ ಒಂದು ಘನ ಮೀಟರಿನಲ್ಲಿರುವ ಶಾಖವೂ ಎಲ್‌ಪಿಜಿಗಿಂತ ಕಡಿಮೆಯಾದ್ದರಿಂದ ರಂಧ್ರ ದೊಡ್ಡದಾಗಬೇಕು. ಕೊಳ್ಳುವಾಗಲೇ ಅಂಗಡಿಯವರಿಂದ ಆ ಜೆಟ್ಟುಗಳ ಒಂದು ಜೊತೆಯನ್ನು ಕೇಳಿ ತೆಗೆದುಕೊಂಡೆ, ಸಣ್ಣ ಪೊಟ್ಟಣದಲ್ಲಿ ಮಸಾಲೆ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಗೋಡೆಯನ್ನು ಹೇಗೂ ಒಡೆದಿದ್ದರಿಂದ ಮೀಟರ್ ಬೋರ್ಡಿನಿಂದ ಕಟ್ಟೆಯ ಕೆಳಗಿನವರೆಗೆ ದೊಡ್ಡ ಹಾಬಿಗೆ ಸಾಲುವಷ್ಟು ದಪ್ಪದ ತಂತಿಯನ್ನೂ ಎಳೆಸಿ, ಅದರ ತುದಿಯನ್ನು ಖಾಲಿ ಪೆಟ್ಟಿಗೆಯೊಳಗೆ ಸೇರಿಸಿ ಮುಚ್ಚಳ ಹಾಕಿಸಿದ್ದೇವೆ. ಮುದ್ದೆಯೂ ರೊಟ್ಟಿಯೂ ಈ ಮನೆಯಲ್ಲಿ ಆಗುತ್ತಿರುವಷ್ಟು ದಿನ ಆ ಮುಚ್ಚಳವನ್ನು ತೆಗೆಯುವ ಅಗತ್ಯ ನನಗೆ ಕಾಣುವುದಿಲ್ಲ.